ಒದೆಯದ ಚೈನು, ನಾಲ್ಕು ತಾಲೂಕು

ನಂಬಬೇಡಿ. ನೀವು ನಂಬದೇ ಹೋದರೆ ನನಗೇನೂ ಕಮ್ಮಿಯಾಗುವುದಿಲ್ಲ. ಮಧುಗಿರಿಯಲ್ಲಿ ಬಸ್ ಇಳಿದು, ‘ಮರ ಕುಯ್ಯೋ ಮಿಷನ್ನಿನ ಚೈನು ಮಸೆಯೋ ಹುಡುಗ ಎಲ್ಲವ್ನೆ’ ಅಂತ ಯಾರನ್ನಾದರೂ ಕೇಳಿ ನೋಡಿ. ಬೆಟ್ಟ ಎಲ್ಲಿ ಅಂತ ಕೇಳಿದವರಿಗೆ ತಲೆ ಎತ್ತಿ ನೋಡು ಅಂತ ಹೇಳಿ ಕಳಿಸುವ ಜನ, ನನ್ನನ್ನು ಕೇಳಿದವರನ್ನು ಕೈಹಿಡಿದು ತಂದು ಬಿಟ್ಟು ಹೋಗುತ್ತಾರೆ. ಅಂಥವನ ಬೆಂಚಿನ ಹತ್ತಿರ ಏನಾದರೊಂದು ಆಗದೆ ದಿನ ಮುಗಿಯುವುದುಂಟೆ? ನಾನು ಸುಮ್ಮನೆ ಅರ ಉಜ್ಜಿಕೊಂಡು ಕೂತಿದ್ದರೂ ಪ್ರಸಂಗಗಳೇ ಬಸ್ಸು ಹತ್ತಿ ಬರುತ್ತವೆ.

ನಾನಿರುವುದು ಮರ ಕುಯ್ಯುವ ಮಿಷನ್ನು, ಔಷಧಿ ಹೊಡೆಯುವ ಪಂಪು ಮಾರುವ ಅಂಗಡಿಯಲ್ಲಿ. ಮುಂದುಗಡೆ ಗಾಜು, ಫ್ಯಾನು, ಹಣೆ ತುಂಬ ವಿಭೂತಿ ಹಚ್ಚಿಕೊಂಡ ನಮ್ಮ ಯಜಮಾನರು. ಹಿಂದುಗಡೆ ತಗಡಿನ ಸೂರು, ಒಂದು ಬೆಂಚು, ಚೈನು ಕಚ್ಚಿಸಿ ಹಿಡಿಯುವ ವೈಸು, ನಾನು. ಈ ಮಿಷನ್ನಿನ ಚೈನಿಗೆ ಒಂದು ಎಡಕ್ಕೆ, ಒಂದು ಬಲಕ್ಕೆ ಸಾಲಾಗಿ ಹಲ್ಲು ಇರುತ್ತವೆ. ಮೊಂಡಾದಾಗ ಗುಂಡನೆಯ ಅರದಿಂದ ಒಂದೊಂದನ್ನೇ ಮಸೆಯಬೇಕು. ಹಳೆಯ ಚೈನುಗಳಿಗೆ ಒಂದು ಕೆಟ್ಟ ಚಾಳಿ: ಚೈನು ಸುತ್ತುವ ಉದ್ದನೆಯ ಪಟ್ಟಿಯ ಮೂತಿ ಮರಕ್ಕೆ ತಗುಲಿದರೆ ಸಾಕು, ಮಿಷನ್ನು ಹಿಡಿದವನ ಮುಖಕ್ಕೇ ಎಗರಿ ಒದೆಯುತ್ತದೆ. ಈಗ ಬಂದಿರುವ ಹೊಸ ಚೈನಿನಲ್ಲಿ ಪ್ರತಿ ಹಲ್ಲಿನ ಮುಂದೆಯೂ ಒಂದು ಸಣ್ಣ ಗೂನು ಇದೆ. ಹಲ್ಲು ಆಸೆಬುರುಕನ ಹಾಗೆ ದೊಡ್ಡ ತುತ್ತಿಗೆ ಬಾಯಿ ಹಾಕದಂತೆ ಅದು ತಡೆಯುತ್ತದೆ. ಅದಕ್ಕೇ ನಾವು ಇದನ್ನು ಒದೆಯದ ಚೈನು ಅನ್ನುವುದು. ಒದೆಯುವುದೇ ಇಲ್ಲ ಅಂತಲ್ಲ, ಕಮ್ಮಿ ಒದೆಯುತ್ತದೆ. ಆದರೆ ಗಿರಾಕಿಯ ಮುಂದೆ ಅಷ್ಟು ಬಿಡಿಸಿ ಹೇಳಬಾರದು ಅಂತ ನಮ್ಮ ಯಜಮಾನರ ಅಭಿಪ್ರಾಯ.

ಒಂದು ದಿನ ಯಜಮಾನರು ಹಿಂದಕ್ಕೆ ಬಂದು ನಿಂತು ಹೇಳಿದರು. ‘ನೋಡ್ಲಾ, ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಾಲ್ಕು ತಾಲೂಕಿಗೂ ಮಿಷನ್ನು ತಗಂಡೋಗಿ ಈ ಹೊಸ ಚೈನು ತೋರಿಸಾಕೆ ಒಬ್ಬ ಬೇಕು. ನಿನ್ನನ್ನೇ ಮಾಡಾಣ ಅಂತಿದೀನಿ. ಪುರವರದ ಸಂತೇಲಿ ಒಂದು ಡೆಮೊ ಇಟ್ಕಂಡು ನೋಡಾಣ. ಅಲ್ಲೀಗಂಟ ನಿನ್ನ ಮೇಲೆ ದೂರು ಬರಬಾರದು.’

‘ದೂರಾ? ನನ್ನ ಮೇಲಾ?’ ಅಂದೆ.

ಯಜಮಾನರು ಮುಂದುಗಡೆ ಹೋಗಿ ಕೂರುವಷ್ಟರಲ್ಲಿ ನಾನು ಐ.ಡಿ.ಹಳ್ಳಿಗೆ ಫೋನು ಮಾಡಿ, ಕೆಲಸ ಸಿಕ್ಕಿತು ಅಂತ ಅವ್ವನಿಗೆ ಹೇಳಿಯಾಗಿತ್ತು. ಅವ್ವ ಬೀದಿಗೆ ಹೇಳಿದಳು. ಬೀದಿ ಊರಿಗೆ ಹೇಳಿತು. ಸಂಜೆಗೆ ಸೋದರಮಾವ ಫೋನು ಮಾಡಿ, ‘ಏನ್ಲಾ, ನಾಲ್ಕು ತಾಲೂಕಿಗೆ ಆಫೀಸರಾಗ್ಬುಟ್ಟಂತೆ’ ಅಂದ. ಇಲ್ಲ ಅನ್ನುವುದು ನನ್ನ ಸ್ವಭಾವವಲ್ಲ. ಇನ್ನು ಆ ಕೆಲಸ ಸಿಗದೆ ಹೋದರೆ ನಾನು ಊರಿನ ಕಡೆ ತಲೆಹಾಕುವ ಹಾಗಿರಲಿಲ್ಲ.

ಗೂನು

ಮೊದಲ ದೂರು ಕೊರಟಗೆರೆ ಕಡೆಯಿಂದ ಬಂತು. ಮರ ಕುಯ್ಯುವುದೇ ಕಸುಬಾದ ಒಬ್ಬ ಹಿರಿಯರು ಹೊಸ ಚೈನು ಕೊಂಡುಕೊಂಡು ಹೋಗುವಾಗಲೇ ನನ್ನ ಬೆಂಚಿನ ಹತ್ತಿರ ಬಂದು ಗೊಣಗಿದ್ದರು.

‘ಹಲ್ಲೇನೋ ಚೆನ್ನಾಗೈತೆ. ಅದರ ಮುಂದೆ ಈ ಗೂನು ಯಾಕ್ಲಾ ತಮ್ಮ? ಮರಕ್ಕೆ ಬಾಯಿ ಹಾಕಾಕೆ ಅಡ್ಡ ಬತ್ತದೆ.’

‘ಅಣ್ಣ, ಅದು ಇರೋದಕ್ಕೇ ಮಿಷನ್ನು ಒದೆಯಲ್ಲ. ಸವೆದಾಗ ಅಳತೆಪಟ್ಟಿ ಇಟ್ಟು ಕೂದಲೆಳೆಯಷ್ಟು ಇಳಿಸಬೌದು. ಅದೂ ನಾನು ಇಳಿಸಬೇಕು. ನೀವು ಮುಟ್ಟಬೇಡಿ.’

‘ನಾನು ಗರಗಸ ಹಿಡಿದಾಗ ನಿಮ್ಮಪ್ಪನಿಗೇ ಮದುವೆ ಆಗಿರ್ಲಿಲ್ಲ, ಬುಡು’ ಅಂದು ಹೋದರು.

ವಾರ ಕಳೆದ ಮೇಲೆ ಬಂದವರು ನೇರವಾಗಿ ಯಜಮಾನರ ಮೇಜಿನ ಮೇಲೆ ಎರಡು ತುಂಡು ಟವಲ್ ಇಟ್ಟರು. ತಲೆಗೆ ಸುತ್ತಿಕೊಂಡಿದ್ದ ಒಂದು ಟವಲ್ಲು ಎರಡಾಗಿತ್ತು. ಹುಣಸೆ ಕೊಂಬೆ ಕುಯ್ಯುವಾಗ ಮಿಷನ್ನು ಎಗರಿ ತಲೆಯ ಮೇಲೆ ಹೋಯಿತಂತೆ. ಪುಣ್ಯಕ್ಕೆ ಬ್ರೇಕು ಬಿದ್ದು ಚೈನು ನಿಂತಿತಂತೆ.

‘ನಿಮ್ಮ ಹುಡುಗ ಒದೆಯಲ್ಲ ಅಂತ ಹೇಳಿ ಕೊಟ್ಟ ಚೈನು ಸ್ವಾಮಿ’ ಅಂದರು.

ಯಜಮಾನರು ನನ್ನ ಕಡೆ ನೋಡಿದರು. ನಾನು ಚೈನು ಕೈಗೆ ತೆಗೆದುಕೊಂಡೆ. ಗೂನುಗಳ ಜಾಗ ಕ್ಷೌರ ಮಾಡಿಸಿದ ಹಾಗೆ ನುಣ್ಣಗಿತ್ತು.

‘ಅಣ್ಣ, ಗೂನು ಎಲ್ಲಿ?’

‘ಸವೆದೋದೊ.’

‘ಒಂದೇ ವಾರಕ್ಕಾ?’

‘ನಮ್ಮ ಕಡೆ ಮರ ಗಟ್ಟಿ ಕಣ್ಲಾ.’

ಯಜಮಾನರಿಗೆ ಅರ್ಥವಾಯಿತು. ಬೇರೆ ಚೈನು ತೆಗೆದುಕೊಟ್ಟರು. ಹಿರಿಯರು ಟವಲ್ಲಿನ ಒಂದು ತುಂಡನ್ನು ತಲೆಗೆ ಕಟ್ಟಿಕೊಂಡು, ಇನ್ನೊಂದನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

‘ಅದನ್ನ ಇಲ್ಲೇ ಬುಟ್ಟೋಗಿ ಅಣ್ಣ, ಮಿಷನ್ನು ಒರೆಸಾಕಾಯ್ತದೆ’ ಅಂದೆ.

‘ಆಗಲ್ಲ. ಇದು ನಮ್ಮ ಭಾವನಿಗೆ. ಅವನೂ ಮನೇಲಿ ಗೂನು ಉಜ್ತಾ ಕೂತವ್ನೆ.’

ಬೈಪಾಸು

ಎರಡನೆಯದು ಸಿರಾ. ಅಲ್ಲಿ ಮರದ ಡಿಪೊ ಇಟ್ಟುಕೊಂಡ ಸಾಬರೊಬ್ಬರು ಚೈನು ಮಸೆಸಿಕೊಂಡು ಹೋಗಿದ್ದರು. ಈಗ ನನ್ನ ಬೆಂಚಿನ ವಿಷಯ ಒಂದು ಹೇಳಬೇಕು. ಅದನ್ನು ಯಾರೋ ಗೋಡೆಗೆ ಒತ್ತಿ ಇಟ್ಟಿದ್ದರು. ಬಲಗಡೆಯ ಹಲ್ಲು ಮಸೆಯುವಾಗ ಕೈ ಪೂರ್ತಿ ಆಡುತ್ತದೆ. ಎಡಗಡೆಯ ಹಲ್ಲಿಗೆ ಬಂದರೆ ಮೊಣಕೈ ಗೋಡೆಗೆ ಬಡಿಯುತ್ತದೆ. ಎರಡು ಕಡೆಗೂ ಒಂದೇ ಸಮ ಉಜ್ಜಬೇಕು ಅನ್ನುವುದು ಈ ವಿದ್ಯೆಯ ಮೊದಲ ಪಾಠ. ನನಗೆ ಗೊತ್ತಿತ್ತು, ಗೋಡೆಗೆ ಗೊತ್ತಿರಲಿಲ್ಲ. ಹಾಗಾಗಿ ಒಂದು ಕಡೆಯ ಹಲ್ಲು ಹರಿತ, ಇನ್ನೊಂದು ಕಡೆಯವು ಸಾಧು; ಚೈನು ಹರಿತವಿದ್ದ ಕಡೆಗೇ ವಾಲಿಕೊಂಡು ಹೋಗುತ್ತದೆ.

ಮಾರನೆಯ ದಿನವೇ ಸಾಬರು ಬೇವಿನ ಹಲಗೆಯೊಂದನ್ನು ಬಗಲಲ್ಲಿಟ್ಟುಕೊಂಡು ಬಂದು, ಯಜಮಾನರ ಮುಂದೆಯೇ ಅದನ್ನು ನೆಲಕ್ಕೆ ಇಟ್ಟರು. ಹಲಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಚಂದ್ರನ ತುಂಡಿನ ಹಾಗೆ ಬಾಗಿತ್ತು.

‘ಅರೆ ತಮ್ಮ, ನಾನು ದಿಮ್ಮಿಗೆ ಸೀದಾ ಹೊರಟೆ. ನಿನ್ನ ಚೈನು ಊರೊಳಗೇ ಬರ್ಲಿಲ್ಲ, ಬೈಪಾಸಲ್ಲಿ ಹೊಂಟೋಯ್ತು.’

‘ಸಾಬ್ರೇ, ದಿಮ್ಮಿಯ ಒಳಗೇ ಏನೋ ತಿರುವು ಇದ್ದಿರಬೇಕು’ ಅಂದೆ.

‘ದಿಮ್ಮಿ ಸೀದಾ ಐತೆ. ಗೆರೆ ಸೀದಾ ಐತೆ. ನಾನೂ ಸೀದಾ ಆದ್ಮೀನೇ.’

ಯಜಮಾನರು ಸಣ್ಣ ದನಿಯಲ್ಲಿ, ‘ಎರಡಾಯ್ತು’ ಅಂದರು. ಪುರವರದ ಸಂತೆ ಹತ್ತಿರವಾಗುತ್ತಿತ್ತು. ನಾನು ಸಾಬರಿಗೆ ಟೀ ತರಿಸಿ, ಚೈನು ಸರಿಮಾಡಿ ಕೊಟ್ಟು, ಬಸ್ ಸ್ಟ್ಯಾಂಡಿನವರೆಗೆ ಹಲಗೆ ಹೊತ್ತುಕೊಂಡು ಹೋಗಿ ಬಂದೆ.

ಎರಡು ಮೂರು ದಿನ ಕಳೆದಿತ್ತು. ಸಾಬರ ಫೋನು ಬಂತು. ಯಜಮಾನರೇ ಎತ್ತಿ, ಜೋರಾಗಿ ಕೇಳುವ ಹಾಗೆ ಇಟ್ಟರು, ನನ್ನ ಮರ್ಯಾದೆ ಹೋಗುವುದನ್ನು ನಾನೂ ಕೇಳಲಿ ಅಂತ ಇರಬೇಕು.

‘ತಮ್ಮ, ಆ ಹಲಗೆ ನೋಡಿ ಒಬ್ಬರು ತೂಗುಕುರ್ಚಿ ಕಾಲಿಗೆ ಬೇಕು ಅಂತ ತಗೊಂಡು ಹೋದ್ರು. ಇನ್ನೊಬ್ಬರು ಬಂದು ನಿಂತವ್ರೆ. ನೀನು ಚೈನು ಸರಿ ಮಾಡಿ ಕೆಡಿಸಿಬಿಟ್ಟೆ. ಮೊದಲಿನ ಹಂಗೇ ಮಾಡ್ಕೊಡು. ಇನ್ನೂ ಸ್ವಲ್ಪ ಬಾಗಿದ್ರೆ ಒಳ್ಳೇದು, ಆಯ್ತದಾ?’

ನಾನು ಯಜಮಾನರ ಕಣ್ಣನ್ನೇ ನೋಡುತ್ತ ಫೋನಿಗೆ ಹೇಳಿದೆ.

‘ಆಯ್ತದೆ ಸಾಬ್ರೇ. ಗೋಡೆ ಇನ್ನೂ ಸ್ವಲ್ಪ ಹತ್ತಿರ ತರಬೇಕು, ಅಷ್ಟೇ.’

ಅತ್ತೆಯ ಈಳಿಗೆ

ಇದು ಅಂಗಡಿಯ ದೂರಲ್ಲ, ಊರಿನದು. ಅವ್ವ ನನ್ನ ಕೆಲಸವನ್ನು ಎಷ್ಟು ಹೊಗಳಿದ್ದಳೆಂದರೆ, ಭಾನುವಾರ ಊರಿಗೆ ಹೋದರೆ ಜಗುಲಿಯ ಮೇಲೆ ಬೀದಿಯ ಈಳಿಗೆಗಳೆಲ್ಲ ಸಾಲಾಗಿ ಕೂತಿದ್ದವು. ಅಷ್ಟು ದೊಡ್ಡ ಆಫೀಸರು ಈಳಿಗೆ ಮಸೆಯುವುದೇ ಅಂತ ನಾನು ಮುಖ ತಿರುವಿದೆ. ಆದರೆ ಅತ್ತೆ, ಅಂದರೆ ಸೋದರಮಾವನ ಹೆಂಡತಿ, ತನ್ನದನ್ನು ತಂದು ಮುಂದಿಟ್ಟಾಗ ಇಲ್ಲ ಅನ್ನಲಾಗಲಿಲ್ಲ. ಅವರಿಗೆ ಮದುವೆಗೆ ಬಂದ ಮಗಳಿದ್ದಾಳೆ. ಅದು ಬೇರೆ ವಿಷಯ.

ನಾನು ಮಸೆದು ಕೊಟ್ಟೆ. ಮಸೆಯುತ್ತ ಮಸೆಯುತ್ತ ಒದೆಯದ ಚೈನಿನ ಮಹಿಮೆಯನ್ನೂ, ಗೂನಿನ ಉಪಕಾರವನ್ನೂ, ಅದು ಹೇಗೆ ಮನುಷ್ಯನ ಜೀವ ಕಾಯುತ್ತದೆ ಅನ್ನುವುದನ್ನೂ ವಿವರಿಸಿದೆ. ಜಗುಲಿ ತುಂಬ ಹೆಂಗಸರು ಬಾಯಿಬಿಟ್ಟುಕೊಂಡು ಕೇಳಿದರು.

ಸಂಜೆ ಅತ್ತೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಈಳಿಗೆ ಸಮೇತ ವಾಪಸ್ಸು ಬಂದರು.

‘ಏನಾಯ್ತು ಅತ್ತೆ?’

‘ಬದನೆಕಾಯಿ ಕುಯ್ಯಾಕೆ ಕೂತೆ. ಬದನೆಕಾಯಿ ಕುಯ್ದಿದ್ದೂ ಗೊತ್ತಾಗ್ಲಿಲ್ಲ, ಬೆರಳು ಕುಯ್ದಿದ್ದೂ ಗೊತ್ತಾಗ್ಲಿಲ್ಲ.’

‘ನೋಡಿದ್ರಾ, ಅಂಗೆ ಮಸೆದಿದೀನಿ’ ಅಂದೆ, ಹೆಮ್ಮೆಯಿಂದ.

‘ಅದೆಲ್ಲ ಸರಿ ಕಣಪ್ಪ. ಬೆಳಗ್ಗೆಯಿಂದ ಹೇಳ್ತಿದ್ದೆಯಲ್ಲ ಆ ಗೂನು, ಅದನ್ನ ಇದಕ್ಕೂ ಒಂದು ಹಾಕ್ಕೊಡು.’

ಬಜ್ಜಿ

ಪಾವಗಡದ ರೈತರೊಬ್ಬರು ಕೆರೆಯಂಗಳದ ಜಾಲಿ ಕುಯ್ಯಿಸುತ್ತಿದ್ದರು. ಮಿಷನ್ನು ಕೊಡುವಾಗ ನಾನೇ ಒತ್ತಿ ಹೇಳಿದ್ದೆ. ‘ಚೈನಿಗೆ ಎಣ್ಣೆ ಕುಡಿಸ್ತಾ ಇರಬೇಕು. ಎಣ್ಣೆ ಒಣಗಿದ್ರೆ ಚೈನು ಸತ್ತೋಯ್ತದೆ. ಒಳ್ಳೆ ಎಣ್ಣೇನೇ ಹಾಕಬೇಕು, ಕೆಟ್ಟದ್ದು ಹಾಕಬೇಡಿ.’ ಅಂಗಡಿಯಲ್ಲಿ ಸಿಗುವ ಚೈನಿನ ಎಣ್ಣೆ ಅಂತ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಹಬ್ಬ ಕಳೆದ ಮೇಲೆ ರೈತರು ಮಿಷನ್ನು ತಂದರು. ಜೊತೆಗೆ ಅವರ ಹೆಂಡತಿಯೂ ಬಂದಿದ್ದರು, ಮುಖ ಗಂಟು ಹಾಕಿಕೊಂಡು. ಚೈನು ಅಂಟಿನಲ್ಲಿ ಅದ್ದಿದ ಹಾಗೆ ಸೆಟೆದು ನಿಂತಿತ್ತು. ಮೂಸಿ ನೋಡಿದೆ. ಕಡ್ಲೆಕಾಯಿ ಎಣ್ಣೆ. ಅದೂ ಗಾಣದ್ದು. ಹಬ್ಬಕ್ಕೆ ಅಂತ ಕೆಲಸ ನಿಲ್ಲಿಸಿ ವಾರಗಟ್ಟಲೆ ಬಿಟ್ಟಿದ್ದಕ್ಕೆ ಗಟ್ಟಿಯಾಗಿ ಕೂತುಬಿಟ್ಟಿತ್ತು.

‘ಇದೇನು ಹಾಕಿದೀರಿ?’

‘ನುವ್ವೇ ಚೆಪ್ಪಿಂದಿ ಕದಪ್ಪಾ, ಒಳ್ಳೆ ಎಣ್ಣೆ ಹಾಕು ಅಂತ. ಮಾ ಇಂಟ್ಲೋ ಇದಕ್ಕಿಂತ ಒಳ್ಳೇದು ಯಾವುದೈತೆ?’ ಅಂದರು, ಪಾವಗಡದ ಕಡೆಯ ತೆಲುಗು ಬೆರೆಸಿದ ಕನ್ನಡದಲ್ಲಿ, ಅವರ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಎಣ್ಣೆಯೇ ಇಲ್ಲ ಅನ್ನುವ ಹಾಗೆ.

ಆಗ ಆ ತಾಯಿ ಬಾಯಿಬಿಟ್ಟರು. ‘ಸುಳ್ಳು ಚೆಪ್ಪೊದ್ದು. ಚೈನಿಗೆ ಹಾಕಿದ್ನಂತೆ. ದಿನಾ ಸಂಜೆ ಮನೆಗೆ ಬಂದ್ರೆ ಅಂಗಿಯೆಲ್ಲ ಬಜ್ಜಿ ವಾಸನೆ. ಮನೇಲಿ ಮುದ್ದೆ ಸೇರಲ್ಲ. ಡಬ್ಬದಲ್ಲಿ ಎಣ್ಣೆ ಇಲ್ಲ. ಎಲ್ಲಿ ಕರಿಸ್ಕೊಂಡು ತಿಂತಾನೋ, ಯಾರ ಕೈಲಿ ಕರಿಸ್ಕೊಂಡು ತಿಂತಾನೋ.’

ರೈತರು ನನ್ನ ಕಡೆ ಕೈಮುಗಿದರು. ‘ನೀನೇ ಸಾಕ್ಷಿ ಹೇಳಪ್ಪಾ. ಇಲ್ಲಾಂದ್ರೆ ನಾನು ಮನೆಗೆ ಹೋಗಂಗಿಲ್ಲ.’

ಇಷ್ಟು ಕಷ್ಟದಲ್ಲಿರುವ ಮನುಷ್ಯನನ್ನು ಕೈಬಿಡುವವನಲ್ಲ ನಾನು. ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ತಿಕ್ಕಿ, ಹಲ್ಲಿಗೆ ಅರ ಕೊಟ್ಟು ಮಿಷನ್ನಿಗೆ ಹಾಕಿದೆ. ಟ್ಯಾಂಕಿನಲ್ಲಿ ಉಳಿದಿದ್ದ ಕಡ್ಲೆಕಾಯಿ ಎಣ್ಣೆಯನ್ನು ಹಾಗೇ ಬಿಟ್ಟೆ. ‘ತಾಯಿ, ಈಗ ನೀವೇ ಮೂಸಿ ನೋಡಿ’ ಅಂದು ಒಂದು ಕೊರಡಿಗೆ ಹಿಡಿದೆ. ಚೈನು ಬಿಸಿಯಾದದ್ದೇ ತಡ, ಘಮಘಮ ಎಂದಿತು. ಪಕ್ಕದ ಸೈಕಲ್ ಅಂಗಡಿಯವನು ಗೋಡೆಯಾಚೆಯಿಂದ ಇಣುಕಿದ. ಆ ತಾಯಿಯ ಮುಖ ಸ್ವಲ್ಪ ಸ್ವಲ್ಪವೇ ಸಡಿಲವಾಯಿತು.

ಅಷ್ಟರಲ್ಲಿ ಮುಂದುಗಡೆಯಿಂದ ಯಜಮಾನರು ಬಂದರು. ಮೂರನೆಯ ದೂರು ಅಂತ ಬೈಯುವುದಕ್ಕೇ ಬಂದರೇನೋ ಎಂದು ನಾನು ಮಿಷನ್ನು ಆರಿಸಿ ನಿಂತೆ. ಹೊರಗಿನದ್ದು ಒಂದು ಲೋಟ ನೀರೂ ಮುಟ್ಟದ ಮನುಷ್ಯ ಅವರು. ಸುತ್ತ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು.

‘ಈರುಳ್ಳೀದೋ, ಮೆಣಸಿನಕಾಯೀದೋ?’

ಬೊಟ್ಟು ಇಟ್ಟ ಚೈನು

ಕೊನೆಗೆ ಪುರವರದ ಸಂತೆಯ ದಿನ ಬಂತು. ಹೊಸ ಚೈನಿನ ಒಂದೊಂದು ಹಲ್ಲನ್ನೂ ನಾನೇ ಮಸೆದಿದ್ದೆ, ಬೆಂಚನ್ನು ಗೋಡೆಯಿಂದ ಎಳೆದು. ಅಂಥ ಚೈನು ಈ ಸೀಮೆಯಲ್ಲಿ ಇನ್ನೊಂದಿರಲಿಲ್ಲ.

ಹೊರಡುವ ಮುಂಚೆ ಯಜಮಾನರ ತಾಯಿ, ನಾವೆಲ್ಲ ದೊಡ್ಡಮ್ಮ ಅನ್ನುತ್ತೇವೆ, ಪೂಜೆಯಾಗಬೇಕು ಅಂದರು. ಹೊಸ ಮಿಕ್ಸಿಗೇ ಆರತಿ ಎತ್ತಿದವರು ಇದನ್ನು ಬಿಡುತ್ತಾರೆಯೇ? ಚೈನನ್ನು ಬಿಚ್ಚಿ ಬಾಳೆಲೆಯ ಮೇಲೆ ದುಂಡಗೆ ಮಲಗಿಸಿದೆ. ದೊಡ್ಡಮ್ಮ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಹಲ್ಲೂ ಬಿಡದ ಹಾಗೆ, ನೀರಿನಲ್ಲಿ ಕಲಸಿದ ಕುಂಕುಮದ ಬೊಟ್ಟು ಇಟ್ಟರು. ಮದುವೆ ಹೆಣ್ಣಿನ ಡಾಬಿನ ಹಾಗೆ ಕಾಣುತ್ತಿತ್ತು.

ಚೈನನ್ನು ತಿರುಗಿ ಮಿಷನ್ನಿಗೆ ಹಾಕುವಾಗ ಯಜಮಾನರು ಬಗ್ಗಿ ನೋಡಿದರು.

‘ಬೊಟ್ಟೆಲ್ಲ ಒಳಗಡೆ ಹೋಯ್ತಲ್ಲೋ. ಅವ್ವ ಅಷ್ಟು ಹೊತ್ತು ಸೊಂಟ ಬಗ್ಗಿಸ್ಕಂಡು ಇಟ್ಟವ್ರೆ. ಜನರ ಕಡೆಗೆ ಕಾಣಂಗೆ ಹಾಕು.’

‘ಯಜಮಾನ್ರೇ, ಚೈನಿಗೆ ಒಂದು ದಿಕ್ಕು ಅಂತ ಐತೆ.’

‘ಬೊಟ್ಟಿಗೂ ಒಂದು ದಿಕ್ಕೈತೆ. ಹಾಕು.’

ಬೊಟ್ಟು ಹೊರಗೆ ಬರಬೇಕೆಂದರೆ ಚೈನು ಮಗುಚಬೇಕು. ಚೈನು ಮಗುಚಿದರೆ ಹಲ್ಲುಗಳೆಲ್ಲ ಹಿಮ್ಮುಖ ಆಗುತ್ತವೆ, ಮರಕ್ಕೆ ಬೆನ್ನು ತೋರಿಸುತ್ತವೆ. ಇದು ನನಗಿಂತ ಚೆನ್ನಾಗಿ ನಾಲ್ಕು ತಾಲೂಕಿನಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ಕೆಲಸ ಕೈಗೆ ಬರುವ ದಿನ ಯಜಮಾನರಿಗೆ ಎದುರು ಹೇಳುವಷ್ಟು ದಡ್ಡನೂ ನಾನಲ್ಲ. ಮಗುಚಿ ಹಾಕಿದೆ. ಪುರವರದಲ್ಲಿ ಇಳಿದ ಮೇಲೆ ಯಾರಿಗೂ ಕಾಣದ ಹಾಗೆ ಸರಿಮಾಡಿಕೊಂಡರಾಯಿತು ಅಂದುಕೊಂಡೆ. ಅಷ್ಟರಲ್ಲಿ ದೊಡ್ಡಮ್ಮ, ‘ನಾನೂ ಬತ್ತೀನಿ’ ಅಂತ ಗೂಡ್ಸ್ ಆಟೊ ಹತ್ತಿ, ಮಿಷನ್ನನ್ನು ಮಗುವಿನ ಹಾಗೆ ತೊಡೆಯ ಪಕ್ಕ ಇಟ್ಟುಕೊಂಡು ಕೂತುಬಿಟ್ಟರು.

ಪುರವರದಲ್ಲಿ ಇಳಿದರೆ ಇನ್ನೊಂದು ಕಷ್ಟ. ಐ.ಡಿ.ಹಳ್ಳಿಯಿಂದ ಅವ್ವ, ಸೋದರಮಾವ, ಅತ್ತೆ, ಹಿಂದೆ ಅರ್ಧ ಬೀದಿ, ಎಲ್ಲರೂ ಆಫೀಸರನ್ನು ನೋಡಲು ಬಂದು ಮುಂದಿನ ಸಾಲಿನಲ್ಲಿ ನಿಂತಿದ್ದರು. ಯಜಮಾನರು ನನ್ನ ಕಿವಿಗೆ ಮೈಕು ಸಿಕ್ಕಿಸಿ, ಕೈಗೆ ಮಿಷನ್ನು ಕೊಟ್ಟು, ‘ಶುರು ಮಾಡು’ ಅಂದರು. ಎರಡು ಕಲ್ಲಿನ ಮೇಲೆ ಹುಣಸೆ ಕೊರಡು ಮಲಗಿತ್ತು.

ಬೇರೆಯವನಾಗಿದ್ದರೆ ಅಲ್ಲೇ ಕುಸಿಯುತ್ತಿದ್ದ. ನಾನು ಮಾತು ಶುರು ಮಾಡಿದೆ.

‘ಅಣ್ಣಂದಿರೇ, ಅಕ್ಕಂದಿರೇ, ಈ ಚೈನು ಹಿಡಿದವನ ಮೈಮೇಲೆ ಒಂದು ಗೀರೂ ಬೀಳಲ್ಲ, ಒಂದು ಹನಿ ರಕ್ತ ಬರಲ್ಲ’ ಅಂದು ಹಗ್ಗ ಎಳೆದು ಮಿಷನ್ನಿಗೆ ಜೀವ ಕೊಟ್ಟೆ. ಚೈನು ತಿರುಗಿತು. ಕಲಸಿಟ್ಟ ಕುಂಕುಮವೆಲ್ಲ ಒಂದೇ ಸಲಕ್ಕೆ ಎದ್ದು ನನ್ನ ಬಿಳಿ ಅಂಗಿಯ ಮೇಲೆ, ಕತ್ತಿನ ಮೇಲೆ, ಗಲ್ಲದ ಮೇಲೆ ಚಿಮ್ಮಿತು.

‘ಅಯ್ಯೋ ನನ್ನ ಕಂದ’ ಅಂತ ಅವ್ವ ಕೂತೇಬಿಟ್ಟಳು. ಮಾವ ಅವಳನ್ನು ಹಿಡಿಯಲು ಹೋಗಿ ತರಕಾರಿ ರಾಶಿಯ ಮೇಲೆ ಕೂತ.

‘ಕುಂಕುಮ ಕಣವ್ವ’ ಅಂದೆ, ಮೈಕಿನಲ್ಲಿ. ಸಂತೆಯ ಆ ತುದಿಗೂ ಕೇಳಿಸಿತು. ಈರುಳ್ಳಿ ಕೊಳ್ಳುತ್ತಿದ್ದವರೂ ಚೀಲ ಎತ್ತಿಕೊಂಡು ಇತ್ತ ಬಂದರು.

ಮಿಷನ್ನನ್ನು ಕೊರಡಿನ ಮೇಲಿಟ್ಟು ಒತ್ತಿದೆ. ಹೊಗೆ ಬಂತು. ಇನ್ನೂ ಒತ್ತಿದೆ. ಇನ್ನೂ ಹೊಗೆ ಬಂತು. ಕೊರಡಿನ ಮೇಲೆ ಕಾಡಿಗೆ ತೀಡಿದ ಹಾಗೆ ಒಂದು ಕಪ್ಪು ಗೆರೆ ಬಿತ್ತು, ಅಷ್ಟೇ.

‘ಯಾವಾಗಪ್ಪ ಕುಯ್ಯೋದು?’ ಅಂತ ಯಾರೋ ಕೂಗಿದರು.

‘ಅವಸರ ಯಾಕಣ್ಣ? ಮೊದಲು ಒದೆಯಲ್ಲ ಅನ್ನೋದು ನೋಡ್ಕಳಿ’ ಅಂದು ಪಟ್ಟಿಯ ಮೂತಿಯನ್ನೇ ಕೊರಡಿಗೆ ಮುಟ್ಟಿಸಿದೆ. ಮಿಷನ್ನು ಎಗರಲಿಲ್ಲ. ಹಿಮ್ಮುಖ ಹಲ್ಲು ಎಗರುವುದಾದರೂ ಹೇಗೆ. ‘ನೋಡಿ, ಒದೆಯಿತಾ? ಇಲ್ಲ. ಕಚ್ಚಿತಾ? ಇಲ್ಲ.’

ಮುಂದಿನ ಸಾಲಿನಲ್ಲಿ ಎಲೆಅಡಿಕೆ ಹಾಕಿಕೊಂಡು ನಿಂತಿದ್ದ ಒಬ್ಬಳು ಮುದುಕಿ ನಿಧಾನಕ್ಕೆ ತಲೆಯಾಡಿಸಿದಳು.

‘ದಿಟ ಕಣಪ್ಪ. ಇಂಥದ್ದೇ ಒಂದು ಹಸ ನಮ್ಮನೇಲೂ ಇತ್ತು. ಒದೀತಿರ್ಲಿಲ್ಲ, ಹಾಯ್ತಿರ್ಲಿಲ್ಲ, ಹಾಲೂ ಕೊಡ್ತಿರ್ಲಿಲ್ಲ.’

ಸಂತೆಗೆ ಸಂತೆಯೇ ನಕ್ಕಿತು. ಯಜಮಾನರು ಹತ್ತಿರ ಬಂದು ಚೈನನ್ನು ನೋಡಿದರು, ಬೊಟ್ಟು ಇದ್ದ ಕಡೆ ನೋಡಿದರು, ನನ್ನನ್ನು ನೋಡಿದರು. ಮಗುಚು ಅಂದವರು ತಾವೇ ಅನ್ನುವುದು ಜ್ಞಾಪಕ ಬಂದಿರಬೇಕು, ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿತು. ‘ತಿರುಗಿಸಿ ಹಾಕ್ಲಾ’ ಅಂತ ಕಿವಿಯಲ್ಲಿ ಹೇಳಿದರು. ಕಿವಿಯಲ್ಲಿ ಮೈಕಿತ್ತು. ಅದೂ ಸಂತೆಗೆಲ್ಲ ಕೇಳಿಸಿತು.

ಆಗ ನಾನು ಹೇಳಿದ ಮಾತನ್ನು ನೀವು ನಂಬಲೇಬೇಕು. ‘ಕೇಳಿಸ್ಕಂಡ್ರಾ? ಚೈನು ಉಲ್ಟಾ ಹಾಕಿದ್ರೆ ಏನಾಯ್ತದೆ ಅಂತ ತೋರಿಸಾಕೇ ಬೇಕೂಂತ ಇಷ್ಟೊತ್ತು ಮೈ ಬಣ್ಣ ಮಾಡ್ಕಂಡು ನಿಂತಿದೀನಿ. ನಿಮ್ಮಲ್ಲಿ ಎಷ್ಟು ಜನ ಇಂಗೆ ಹಾಕ್ಕಂಡು, ಚೈನು ಸರಿಯಿಲ್ಲ ಅಂತ ಅಂಗಡಿಯವನಿಗೆ ಬೈದಿದೀರ? ಕೈ ಎತ್ತಿ.’

ಮೊದಲು ಒಂದು ಕೈ ಎದ್ದಿತು. ಅದನ್ನು ನೋಡಿ ಇನ್ನೊಂದು. ಆಮೇಲೆ ಎಣಿಸುವ ಹಾಗಿರಲಿಲ್ಲ. ಗೂಡ್ಸ್ ಆಟೊದಲ್ಲಿ ಕೂತಿದ್ದ ದೊಡ್ಡಮ್ಮನೂ ಯಾಕೋ ಒಂದು ಕೈ ಎತ್ತಿದ್ದರು.

ಚೈನನ್ನು ಸರಿಯಾಗಿ ಹಾಕಿದೆ. ಯಜಮಾನರು ಮಿಷನ್ನನ್ನು ನನ್ನ ಕೈಯಿಂದ ತೆಗೆದು, ಗುಂಪಿನಲ್ಲಿದ್ದ ಪುರವರದ ಮರ ಕುಯ್ಯುವವನೊಬ್ಬನ ಕೈಗೆ ಕೊಟ್ಟರು. ಹುಣಸೆ ಕೊರಡು ಸೌತೆಕಾಯಿಯ ಹಾಗೆ ಎರಡಾಯಿತು. ಅದರ ಕಡೆ ಯಾರೂ ಹೆಚ್ಚಾಗಿ ನೋಡಲಿಲ್ಲ. ನಾನು ಮಾತಾಡುತ್ತಿದ್ದೆ. ತಂದಿದ್ದ ಚೈನು ಒಂದೂ ಉಳಿಯಲಿಲ್ಲ. ಅವ್ವ ಸೆರಗಿನಿಂದ ನನ್ನ ಗಲ್ಲದ ಕುಂಕುಮ ಒರೆಸುತ್ತ, ‘ಕೆಲಸ ಗಟ್ಟಿ ಆಯ್ತೇನಪ್ಪ’ ಅಂತ ಯಜಮಾನರನ್ನೇ ಕೇಳಿದಳು. ಅವರು, ‘ನಾಳೆ ಹೇಳ್ತೀನಿ ಕಣಮ್ಮ’ ಅಂದರು.

ಮಾರನೆಯ ದಿನ ಬೆಳಗ್ಗೆ ಯಜಮಾನರು ನನ್ನನ್ನು ಮುಂದುಗಡೆಗೆ ಕರೆದರು. ನಾಲ್ಕು ತಾಲೂಕಿಗೂ ಗೂಡ್ಸ್ ಆಟೊದಲ್ಲಿ ನಾನೇ ಹೋಗಬೇಕು ಅಂದರು. ಆ ಪುರವರದವನೂ ಜೊತೆಗೆ ಬರುತ್ತಾನೆ ಅಂದರು. ಮಿಷನ್ನನ್ನು ಅವನಿಗೆ ಕೊಟ್ಟರು. ನನಗೆ ಮೈಕು ಕೊಟ್ಟರು.